ಮೋಚೆ ಮಡಕೆಗಳ ಮೇಲಿನ ಯುದ್ಧ: ಎಲ್ಲರೂ ಜುಟ್ಟೇ ಹಿಡಿಯುವುದು ಯಾಕೆ?

ಮಡಕೆಚೂರು

ಎಲ್ಲರಿಗೂ ನಮಸ್ಕಾರ. ಆಫೀಸಿನ ಕೆಲಸಕ್ಕೆ ಪೆರು ದೇಶದ ಲೀಮಾಗೆ ಹೋಗಿದ್ದೆ. ಒಂದು ಮಧ್ಯಾಹ್ನ ಬಿಡುವು ಸಿಕ್ಕಿತು, ಲಾರ್ಕೊ ಮ್ಯೂಸಿಯಂಗೆ ಹೋದೆ. ಅಲ್ಲಿ ಉಗ್ರಾಣವನ್ನೂ ನೋಡಲು ಬಿಡುತ್ತಾರೆ. ಸಾಲು ಸಾಲು ಗಾಜಿನ ಕಪಾಟು, ಒಳಗೆ ಸಾವಿರಾರು ಮಡಕೆ. ಪಾತ್ರೆ ಅಂಗಡಿಗೆ ನುಗ್ಗಿದ ಹಾಗಾಯಿತು.

ಅದರಲ್ಲಿ ಪೆರುವಿನ ಪುರಾತನ ಮೋಚೆ ಜನರ ಒಂದು ಹೂಜಿ ನನ್ನನ್ನು ಹಿಡಿದು ನಿಲ್ಲಿಸಿತು. ದುಂಡು ಹೊಟ್ಟೆ. ಮೇಲೆ ಕಮಾನಿನ ಹಾಗೆ ಬಾಗಿದ ಟೊಳ್ಳು ಹಿಡಿ, ಅದರ ನೆತ್ತಿಯಲ್ಲಿ ಸಣ್ಣ ಬಾಯಿ. ಕೆನೆ ಬಣ್ಣದ ಮೈ ಮೇಲೆ ಕೆಂಗಂದು ಗೆರೆಗಳು, ಕೂದಲೆಳೆಯಷ್ಟು ಸಣ್ಣವು. ಇಬ್ಬರು ಗಂಡಸರು ಹೊಡೆದಾಡುತ್ತಿದ್ದಾರೆ. ಒಬ್ಬನ ಕೈಯಲ್ಲಿ ಗದೆ. ಇನ್ನೊಂದು ಕೈಯಲ್ಲಿ ಎದುರಾಳಿಯ ಜುಟ್ಟು. ಆ ಎದುರಾಳಿಯ ಶಿರಸ್ತ್ರಾಣ ಕಳಚಿ ಗಾಳಿಯಲ್ಲಿದೆ, ಮೂಗಿನಿಂದ ರಕ್ತ ತೊಟ್ಟಿಕ್ಕುತ್ತಿದೆ. ಪಕ್ಕದಲ್ಲಿ ಒಂದು ಕಳ್ಳಿ ಗಿಡ. ಮೇಲೆ ಒಂದು ಪುಟ್ಟ ಹಮ್ಮಿಂಗ್‌ಬರ್ಡ್, ತನಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ.

ಹಿಂಭಾಗದಲ್ಲಿ ಏನಿದೆ ಎಂದು ಕುಕ್ಕರಗಾಲಲ್ಲಿ ಕೂತು ಇಣುಕಲು ಹೋಗಿ ಗಾಜಿಗೆ ಹಣೆ ಚಚ್ಚಿಕೊಂಡೆ. ಕಾವಲಿನವರು ಬಂದರು. ಮಾನ ಹೋಯಿತು, ಹಿಂಭಾಗವೂ ಕಾಣಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಇಂಥ ಚಿತ್ರಗಳನ್ನು ಹುಡುಕಿ ಹುಡುಕಿ ನೋಡಿದೆ. ಹೆಚ್ಚುಕಮ್ಮಿ ಎಲ್ಲದರಲ್ಲೂ ಅದೇ ಕತೆ. ಒಬ್ಬನಿಗೆ ಒಬ್ಬ. ಗದೆ, ಗುರಾಣಿ, ಜುಟ್ಟು. ಕೋಟೆ ಮುತ್ತಿಗೆ ಇಲ್ಲ. ಊರಿಗೆ ಬೆಂಕಿ ಇಟ್ಟಿದ್ದು ಇಲ್ಲ. ಹೆಂಗಸರು, ಮಕ್ಕಳು ಓಡುವುದು ಇಲ್ಲ. ಸಾಲುಗಟ್ಟಿ ನಿಂತ ಸೈನ್ಯವೂ ಇಲ್ಲ. ಇಷ್ಟೊಂದು ಯುದ್ಧ ಬರೆದವರು ಯುದ್ಧದ ಉಳಿದ ಭಾಗವನ್ನೆಲ್ಲ ಯಾಕೆ ಬಿಟ್ಟರು?

ನನ್ನ ಅನಿಸಿಕೆ: ಇವರು ಬರೆದಿದ್ದು ಯುದ್ಧವನ್ನಲ್ಲ, ಒಬ್ಬ ಮನುಷ್ಯ ಸೆರೆಯಾಳಾಗುವ ಗಳಿಗೆಯನ್ನು. ತಿಳಿದವರು ಹೇಳಿ.

ಸುಮ್ನೆಓದುಗ

ಇಂಕಾ ಜನರ ಬಗ್ಗೆ ತಾನೇ ಇದು? ಇವರ ಮೇಲೇ ಅಲ್ವಾ ಸ್ಪೇನಿನವರು ಕುದುರೆ ತಂದು ಬಿಟ್ಟಿದ್ದು?

ಹಳೇಇಟ್ಟಿಗೆ

ಅಲ್ಲ ಸರ್, ತುಂಬಾ ಹಿಂದಿನವರು. ಇಂಕಾ ಸಾಮ್ರಾಜ್ಯ ಬೆಳೆದದ್ದು 15ನೇ ಶತಮಾನದಲ್ಲಿ. ಮೋಚೆ ಜನರ ಕಾಲ ಕ್ರಿ.ಶ. 100ರಿಂದ 800ರ ಆಸುಪಾಸು. ಪೆರುವಿನ ಉತ್ತರ ಕರಾವಳಿ. ಒಂದು ಕಡೆ ಪೆಸಿಫಿಕ್ ಸಮುದ್ರ, ಇನ್ನೊಂದು ಕಡೆ ಆಂಡೀಸ್ ಬೆಟ್ಟ, ನಡುವೆ ಒಣ ಮರಳುಗಾಡು. ಬೆಟ್ಟದಿಂದ ಇಳಿಯುವ ನದಿಗಳ ಕಣಿವೆಯಲ್ಲಿ ಮಾತ್ರ ಹಸಿರು. ಕಾಲುವೆ ತೋಡಿ ಬೇಸಾಯ ಮಾಡಿದರು. ಕುದುರೆ ಇಲ್ಲ, ಕಬ್ಬಿಣ ಇಲ್ಲ, ಲಿಪಿಯೂ ಇಲ್ಲ. ತಾಮ್ರ, ಚಿನ್ನ, ಬೆಳ್ಳಿಯ ಕೆಲಸದಲ್ಲಿ ಮಾತ್ರ ಎತ್ತಿದ ಕೈ.

ಇಡೀ ಕರಾವಳಿಗೆ ಒಬ್ಬನೇ ರಾಜ ಇದ್ದ ಎಂದು ಮೊದಲು ಅಂದುಕೊಂಡಿದ್ದರು. ಈಗ ಹೆಚ್ಚಿನವರು ಒಪ್ಪುವುದಿಲ್ಲ. ಕಣಿವೆಗೊಂದು ಆಳ್ವಿಕೆ, ಆದರೆ ದೇವರು, ಮಡಕೆ, ವೇಷ ಎಲ್ಲ ಒಂದೇ ಥರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸುಮ್ನೆಓದುಗ

ಸರಿ ಸರ್, ತಪ್ಪಾಯ್ತು. ಮೂಲೆಯಲ್ಲಿ ಕೂತು ಓದುತ್ತೇನೆ.

ಹಳೇಇಟ್ಟಿಗೆ

ಮಡಕೆಚೂರು ಅವರೇ, ನಿಮ್ಮ ಅನಿಸಿಕೆ ಸರಿಯಾದ ದಾರಿಯಲ್ಲಿದೆ. ಜುಟ್ಟು ಹಿಡಿಯುವುದು ಮೋಚೆ ಚಿತ್ರಭಾಷೆಯಲ್ಲಿ "ಇವನು ಸೋತ" ಎನ್ನುವ ಗುರುತು. ನಮಗೆ ಅದು ಬೀದಿ ಜಗಳದ ಹಾಗೆ ಕಾಣುತ್ತದೆ, ಅವರಿಗೆ ಅದೇ ತೀರ್ಪು.

ನೀವು ನೋಡಿದ ಹೂಜಿ ಒಂದು ದೊಡ್ಡ ಕತೆಯ ಒಂದು ಪುಟ. ಬೇರೆ ಬೇರೆ ಮಡಕೆಗಳನ್ನು ಜೋಡಿಸಿ ನೋಡಿದರೆ ಪೂರ್ತಿ ಕತೆ ಸಿಗುತ್ತದೆ. ಗೆದ್ದವನು ಸೋತವನನ್ನು ಅಲ್ಲೇ ಕೊಲ್ಲುವುದು ತೀರಾ ಅಪರೂಪ. ಅವನ ಬಟ್ಟೆ ಬಿಚ್ಚುತ್ತಾನೆ. ಶಿರಸ್ತ್ರಾಣ, ಗುರಾಣಿ, ಗದೆ, ಅಂಗಿ ಎಲ್ಲವನ್ನೂ ಒಂದು ಗಂಟು ಕಟ್ಟಿ ತನ್ನ ಗದೆಗೆ ಸಿಕ್ಕಿಸಿ ಹೆಗಲ ಮೇಲೆ ಹೊರುತ್ತಾನೆ. ಸೋತವನ ಕೊರಳಿಗೆ ಹಗ್ಗ. ಬೆತ್ತಲೆ ಮೆರವಣಿಗೆ. ಕೊನೆಗೆ ದೇವಾಲಯದ ಅಂಗಳ. ಅಲ್ಲಿ ಕತ್ತು ಸೀಳಿ, ರಕ್ತವನ್ನು ಎತ್ತರದ ಲೋಟದಲ್ಲಿ ಹಿಡಿದು, ಒಬ್ಬ ದೊಡ್ಡ ಮನುಷ್ಯನಿಗೆ ಕೊಡುತ್ತಾರೆ.

ಮೆರವಣಿಗೆಯನ್ನು ಗೋಡೆಯ ಮೇಲೂ ಮಾಡಿದ್ದಾರೆ. ಚಿಕಾಮಾ ಕಣಿವೆಯಲ್ಲಿ ಎಲ್ ಬ್ರುಹೊ ಎಂಬ ಜಾಗ ಇದೆ. ಅಲ್ಲಿನ ಹುವಾಕಾ ಕಾವೊ ವಿಯೆಹೊ ದೇವಾಲಯದ ಗೋಡೆಯಲ್ಲಿ ಬೆತ್ತಲೆ ಕೈದಿಗಳ ಸಾಲು, ಮಣ್ಣಿನ ಉಬ್ಬುಚಿತ್ರ, ಹೆಚ್ಚುಕಮ್ಮಿ ಆಳೆತ್ತರ. ಅಂಗಳದಲ್ಲಿ ನಿಂತವರಿಗೆ ತಮ್ಮ ಜೊತೆ ಕೈದಿಗಳೂ ನಡೆಯುತ್ತಿರುವ ಹಾಗೆ ಕಂಡಿರಬೇಕು.

ಕುಂಬಾರಬೀದಿ

ನಾನು ಇತಿಹಾಸದವಳಲ್ಲ, ಹವ್ಯಾಸಕ್ಕೆ ಮಡಕೆ ಮಾಡುವವಳು. ಮಡಕೆಯ ಬಗ್ಗೆ ಎರಡು ಮಾತು.

ಇವರಿಗೆ ತಿಗರಿ ಇರಲಿಲ್ಲ. ದಕ್ಷಿಣ ಅಮೆರಿಕದಲ್ಲಿ ಸ್ಪೇನಿನವರು ಬರುವ ತನಕ ಯಾರ ಹತ್ತಿರವೂ ಇರಲಿಲ್ಲ. ಮೋಚೆಯವರು ಎರಡು ಹೋಳಿನ ಅಚ್ಚಿನಲ್ಲಿ ಮಣ್ಣನ್ನು ಒತ್ತಿ, ಹೋಳುಗಳನ್ನು ಕೂಡಿಸಿ, ಮೇಲೆ ಆ ಟೊಳ್ಳು ಹಿಡಿಯನ್ನು ಅಂಟಿಸುತ್ತಿದ್ದರು. ಆ ಹಿಡಿ ಅಂಟಿಸುವ ಜಾಗ ಇದೆಯಲ್ಲ, ನನ್ನ ಪ್ರಕಾರ ಅಲ್ಲೇ ಅರ್ಧ ಮಡಕೆಗಳು ಸೀಳುತ್ತವೆ. ನಾನು ಮೂರು ಸಲ ಪ್ರಯತ್ನಪಟ್ಟು ಮೂರನ್ನೂ ಕಸಕ್ಕೆ ಹಾಕಿದೆ.

ಬಣ್ಣ ಅಂದರೆ ನಾವು ಅಂದುಕೊಳ್ಳುವ ಬಣ್ಣ ಅಲ್ಲ. ನುಣ್ಣನೆಯ ಮಣ್ಣನ್ನು ನೀರಿನಲ್ಲಿ ಕದಡಿದ ತಿಳಿ. ಮೊದಲು ಬಿಳಿ ಮಣ್ಣಿನ ಲೇಪ, ಅದರ ಮೇಲೆ ಕೆಮ್ಮಣ್ಣಿನ ಗೆರೆ. ಬರೆದ ಮೇಲೆ ಸುಡುವುದು. ಮಣ್ಣಿನ ಲೇಪ ಥಟ್ಟನೆ ನೀರು ಹೀರುತ್ತದೆ, ಕುಂಚ ಒಂದು ಕ್ಷಣ ನಿಂತರೂ ಗೆರೆ ದಪ್ಪ ಆಗುತ್ತದೆ. ಅಳಿಸಿ ಬರೆಯುವುದು ಕಷ್ಟ. ಅದೂ ದುಂಡು ಮೈ ಮೇಲೆ, ಕೈಯಲ್ಲಿ ತಿರುಗಿಸುತ್ತಾ. ಆ ರಕ್ತದ ಹನಿಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಒಂದೊಂದೂ ಬೇರೆ ಬೇರೆ, ಒಂದಕ್ಕೊಂದು ತಾಗಿಲ್ಲ.

ಇನ್ನೊಂದು ವಿಷಯ. ನಾವು ಪರದೆಯ ಮೇಲೆ ನೋಡುವ ಚಪ್ಪಟೆ ಚಿತ್ರ ಮೋಚೆಯವರು ಬರೆದದ್ದಲ್ಲ. ಕ್ರಿಸ್ಟೋಫರ್ ಡೊನನ್ ಎಂಬ ಪುರಾತತ್ವಜ್ಞ ಮಡಕೆಗಳನ್ನು ಸುತ್ತ ತಿರುಗಿಸಿ ಫೋಟೋ ತೆಗೆದರು, ಡೊನಾ ಮೆಕ್ಲೆಲಂಡ್ ಎಂಬ ಚಿತ್ರಗಾರ್ತಿ ಅದನ್ನು ಬಿಡಿಸಿ ಉದ್ದ ಪಟ್ಟಿಯಾಗಿ ಬರೆದರು. ಎಷ್ಟು ವರ್ಷಗಳ ಕೆಲಸವೋ. ಆದರೆ ಮಡಕೆಯಲ್ಲಿ ಮೊದಲು, ಕೊನೆ ಅಂತ ಇಲ್ಲ. ತಿರುಗಿಸಿದಷ್ಟೂ ಹೊಡೆದಾಟ ಸುತ್ತುತ್ತಲೇ ಇರುತ್ತದೆ. ಮಡಕೆಚೂರು ಅವರು ಹಿಂಭಾಗ ನೋಡಲು ಹಣೆ ಚಚ್ಚಿಕೊಂಡದ್ದು ನನಗೆ ಪೂರ್ತಿ ಅರ್ಥವಾಗುತ್ತದೆ.

ಎರಡನೇಕಾಫಿ

ಗುರುಗಳೇ, ನನ್ನದೊಂದು ತಕರಾರು. ಇದೆಲ್ಲ ಬರೀ ಪುರಾಣ ಯಾಕಾಗಿರಬಾರದು? ದೇವರ ಕತೆಯನ್ನು ಮಡಕೆಯ ಮೇಲೆ ಬರೆದರು. ನಾವು ಸುಮ್ನೆ ರಕ್ತ ಕುಡಿದರು, ಕತ್ತು ಕೊಯ್ದರು ಅಂತ ಗುಲ್ಲೆಬ್ಬಿಸುತ್ತಿದ್ದೇವೆ.

ಹಳೇಇಟ್ಟಿಗೆ

ಒಳ್ಳೆಯ ತಕರಾರು. ಅನೇಕ ಪಂಡಿತರೂ ಹಾಗೇ ಅಂದುಕೊಂಡಿದ್ದರು. ಆಮೇಲೆ 1987 ಬಂತು.

ಲಂಬಾಯೆಕೆ ಕಡೆ ಸಿಪಾನ್ ಎಂಬ ಹಳ್ಳಿ. ಕಳ್ಳರು ಅಲ್ಲಿನ ಹಳೇ ಇಟ್ಟಿಗೆ ದಿಬ್ಬವನ್ನು ಅಗೆದು ಚಿನ್ನ ಸಾಗಿಸುತ್ತಿದ್ದರು. ಸುದ್ದಿ ತಿಳಿದು ವಾಲ್ಟರ್ ಆಲ್ವಾ ಎಂಬ ಪುರಾತತ್ವಜ್ಞ ಅಲ್ಲಿಗೆ ಹೋಗಿ ಅಗೆತ ಶುರು ಮಾಡಿದರು. ಕಳ್ಳರು ಮುಟ್ಟದ ಒಂದು ಗೋರಿ ಸಿಕ್ಕಿತು. ಅದರಲ್ಲಿದ್ದವನನ್ನು ಈಗ ಸಿಪಾನಿನ ಒಡೆಯ ಎನ್ನುತ್ತಾರೆ. ಅವನ ಮೈ ಮೇಲಿನ ಒಡವೆ, ಅರ್ಧಚಂದ್ರದ ಶಿರೋಭೂಷಣ, ಕಿವಿಯ ಬಿಲ್ಲೆಗಳು, ಸೊಂಟದ ಹಿಂದೆ ನೇತಾಡುವ ತಗಡು, ಎಲ್ಲವೂ ಮಡಕೆಗಳ ಮೇಲೆ ರಕ್ತದ ಲೋಟ ಪಡೆಯುತ್ತಾನಲ್ಲ, ಆ ದೊಡ್ಡ ಮನುಷ್ಯನ ವೇಷಕ್ಕೆ ತಾಳೆಯಾದವು. ಡೊನನ್ ಅವರು ಆ ದೃಶ್ಯವನ್ನು ಮೊದಲೇ ಬಿಡಿಸಿ ವಿವರಿಸಿದ್ದರಿಂದ ಗುರುತು ಹಿಡಿಯಲು ಆಯಿತು. ಚಿತ್ರ ಮೊದಲು, ಹೆಣ ಆಮೇಲೆ.

1991ರಲ್ಲಿ ಸಾನ್ ಹೊಸೆ ದೆ ಮೋರೊ ಎಂಬಲ್ಲಿ ಒಬ್ಬ ಹೆಂಗಸಿನ ಗೋರಿ ಸಿಕ್ಕಿತು. ಅದೇ ದೃಶ್ಯದಲ್ಲಿ ಲೋಟ ಹಿಡಿದು ಬರುವ ಪೂಜಾರಿಣಿಯ ಶಿರೋಭೂಷಣ, ಜೊತೆಗೆ ಒಂದು ಲೋಟ. ಅಂದರೆ ಜನ ಆ ವೇಷ ಹಾಕುತ್ತಿದ್ದರು, ಆ ಆಚರಣೆ ನಡೆಯುತ್ತಿತ್ತು. ಪುರಾಣವೂ ಹೌದು, ಅದನ್ನು ಆಡಿ ತೋರಿಸಿದ್ದೂ ಹೌದು.

ಎಲುಬುಡಾಕ್ಟರ್

ವೇಷ ಸಿಕ್ಕಿದ ಮಾತ್ರಕ್ಕೆ ಕೊಂದರು ಅಂತ ಆಗುವುದಿಲ್ಲ. ಅದಕ್ಕೆ ಮೂಳೆ ಬೇಕು. ಮೂಳೆಗಳೂ ಸಿಕ್ಕಿವೆ. ನಾನು ಮೂಳೆ ವೈದ್ಯ, ಹಾಗಾಗಿ ಈ ಭಾಗ ಸ್ವಲ್ಪ ಉದ್ದ ಬರೆಯುತ್ತೇನೆ. ಊಟ ಮಾಡುತ್ತಿರುವವರು ಆಮೇಲೆ ಓದಿ.

ತ್ರುಹಿಯೊ ಊರಿನ ಪಕ್ಕ, ಸೆರೊ ಬ್ಲಾಂಕೊ ಬೆಟ್ಟದ ಬುಡದಲ್ಲಿ ಹುವಾಕಾ ದೆ ಲಾ ಲೂನಾ ಎಂಬ ದೇವಾಲಯ ಇದೆ. 1995ರಲ್ಲಿ ಸ್ಟೀವ್ ಬೂರ್ಜೆ ಎಂಬವರು ಅದರ ಒಂದು ಅಂಗಳ ಅಗೆದರು. ಎಪ್ಪತ್ತಕ್ಕೂ ಜಾಸ್ತಿ ಜನರ ಅಸ್ಥಿ. ಎಲ್ಲರೂ ಗಂಡಸರು, ಹದಿಹರೆಯದಿಂದ ನಲವತ್ತರ ಒಳಗಿನವರು, ಗಟ್ಟಿಮುಟ್ಟು ಆಳುಗಳು. ಹೂತಿರಲಿಲ್ಲ, ಅಂಗಳದಲ್ಲಿ ಹಾಗೇ ಬಿಟ್ಟಿದ್ದರು. ಹಲವರು ಬಿದ್ದಿದ್ದು ಕೆಸರಿನಲ್ಲಿ. ಮರಳುಗಾಡಿನಲ್ಲಿ ಕೆಸರು ಎಲ್ಲಿಂದ ಬಂತು? ಎಲ್ ನಿನೊ ವರ್ಷದಲ್ಲಿ ಆ ಕರಾವಳಿಯಲ್ಲಿ ಆಕಾಶ ಹರಿದ ಹಾಗೆ ಮಳೆ ಬರುತ್ತದೆ. ಹಸಿ ಇಟ್ಟಿಗೆಯ ದೇವಾಲಯ ಕರಗಿ ಅಂಗಳಕ್ಕೆ ಹರಿದಿದೆ. ಆ ಮಳೆಯ ನಡುವೆಯೇ ಬಲಿ ಕೊಟ್ಟಿದ್ದಾರೆ.

ಜಾನ್ ವೆರಾನೊ ಎಂಬ ಅಸ್ಥಿತಜ್ಞರು ಈ ಮೂಳೆಗಳನ್ನು ಪರೀಕ್ಷಿಸಿದರು. ಕತ್ತಿನ ಎಲುಬುಗಳ ಮುಂಭಾಗದಲ್ಲಿ ಚಾಕುವಿನ ಗೀರು, ಅಂದರೆ ಕತ್ತು ಸೀಳಿದ್ದು. ಕೆಲವರ ತಲೆಬುರುಡೆ ಗದೆಯ ಏಟಿಗೆ ಒಡೆದಿದೆ. ನನಗೆ ಹೆಚ್ಚು ಕಾಡಿದ್ದು ಬೇರೆ. ಹಲವರಲ್ಲಿ ಪಕ್ಕೆಲುಬು, ಮೂಗು, ಮುಂಗೈ ಮುರಿದು, ಕೂಡಲು ಶುರುವಾಗಿತ್ತು. ಮುಂಗೈ ಎಲುಬು ಹೀಗೆ ಮುರಿಯುವುದನ್ನು ನಾವು ದಿನಾ ನೋಡುತ್ತೇವೆ. ದೊಣ್ಣೆ ಏಟು ಬರುವಾಗ ಮುಖಕ್ಕೆ ಕೈ ಅಡ್ಡ ಹಿಡಿದರೆ ಆಗುವ ಪೆಟ್ಟು. ಕೂಡಲು ಶುರುವಾಗಿದೆ ಅಂದರೆ ಏಟು ತಿಂದ ಮೇಲೆ ಕೆಲವು ವಾರ ಬದುಕಿದ್ದರು. ಹೊಡೆದಾಟ ಒಂದು ದಿನ, ಸಾವು ಕೆಲವು ವಾರಗಳ ನಂತರ. ನಡುವೆ ಅವರನ್ನು ಇಟ್ಟುಕೊಂಡು, ಊಟ ಹಾಕಿ, ಗಾಯ ಒಣಗುವಷ್ಟು ಕಾಲ ಕಾದಿದ್ದಾರೆ. ಮಡಕೆಯ ಕತೆಗೂ ಮೂಳೆಯ ಕತೆಗೂ ಇದಕ್ಕಿಂತ ಹೊಂದಾಣಿಕೆ ಇನ್ನೇನು ಬೇಕು?

ಹೆಣಗಳ ನಡುವೆ ಬೆತ್ತಲೆ ಕೈದಿಗಳ ಮಣ್ಣಿನ ಗೊಂಬೆಗಳೂ ಸಿಕ್ಕವು. ಕೊರಳಿಗೆ ಹಗ್ಗ. ಎಲ್ಲವನ್ನೂ ಬೇಕಂತಲೇ ಒಡೆದು ಚೆಲ್ಲಿದ್ದರು.

ಎರಡನೇಕಾಫಿ

ತಕರಾರು ವಾಪಸ್. ಕಾಫಿಯೂ ಅರ್ಧಕ್ಕೇ ಬಿಟ್ಟೆ.

ಬಯಲುದಾರಿ

ಈಗ ನನ್ನ ಸರದಿ. ಮೋಚೆ ಯುದ್ಧ ಅಂದರೆ ಆಚರಣೆಯ ಕುಸ್ತಿ ಅಷ್ಟೇ ಅಂತ ನನಗೆ ಅನಿಸುತ್ತದೆ. ಸಾಮಾನ್ಯವಾಗಿ ಎರಡೂ ಕಡೆಯವರ ವೇಷ, ಆಯುಧ ಒಂದೇ. ಜಾಗ ನೋಡಿದರೆ ಹೊಲ ಅಲ್ಲ, ಊರಲ್ಲ, ಕಳ್ಳಿ ಬೆಳೆದ ಬಯಲು. ಅಂದರೆ ದಿನ ಗೊತ್ತು ಮಾಡಿಕೊಂಡು, ಊರ ಹೊರಗೆ ಸೇರಿ, ಒಬ್ಬರಿಗೊಬ್ಬರು ಹೊಡೆದಾಡಿ, ಸೋತವರನ್ನು ಬಲಿಗೆ ಆರಿಸಿದ್ದಾರೆ. ಬೊಲಿವಿಯಾದ ಮಾಚಾ ಊರಿನಲ್ಲಿ ಇವತ್ತಿಗೂ ಮೇ ತಿಂಗಳಲ್ಲಿ ಟಿಂಕು ನಡೆಯುತ್ತದೆ. ಹಳ್ಳಿ ಹಳ್ಳಿಯವರು ಕುಣಿಯುತ್ತಾ ಬಂದು ಮುಷ್ಟಿಯಲ್ಲಿ ಗುದ್ದಾಡುತ್ತಾರೆ. ರಕ್ತ ನೆಲಕ್ಕೆ ಬಿದ್ದರೆ ಭೂತಾಯಿ ಪಚಮಾಮಾಗೆ ಸಂದಿತು, ಬೆಳೆ ಚೆನ್ನಾಗಿ ಬರುತ್ತದೆ ಅಂತ ನಂಬಿಕೆ.

ಹಳೇಇಟ್ಟಿಗೆ

ಟಿಂಕು ಹೋಲಿಕೆ ಚೆಂದ ಇದೆ, ಆದರೆ ಅದರ ಮೇಲೆ ಜಾಸ್ತಿ ಭಾರ ಹಾಕಬೇಡಿ. ನಡುವೆ ಸಾವಿರದ ಇನ್ನೂರು ವರ್ಷ, ಬೆಟ್ಟದ ಜನ ಬೇರೆ, ಕರಾವಳಿಯ ಜನ ಬೇರೆ.

ಇನ್ನು, ಎರಡೂ ಕಡೆ ಒಂದೇ ವೇಷ ಅಂದ ಮಾತ್ರಕ್ಕೆ ಒಂದೇ ಊರಿನವರು ಅಂತ ಅಲ್ಲ. ಕಣಿವೆಗೊಂದು ಆಳ್ವಿಕೆ ಅಂತ ಮೇಲೆ ಹೇಳಿದ್ದೆನಲ್ಲ? ಪಕ್ಕದ ಕಣಿವೆಯ ಮೋಚೆಯೂ ಮೋಚೆಯೇ. 2005ರಲ್ಲಿ ಬಂದ ಒಂದು ಅಧ್ಯಯನ ಬಲಿಯಾದವರ ಹಲ್ಲುಗಳ ಆಕಾರ ನೋಡಿತು. ಹಲ್ಲಿನ ಕೆಲವು ಲಕ್ಷಣಗಳು ವಂಶದಲ್ಲಿ ಇಳಿದು ಬರುತ್ತವೆ. ಆ ಹಲ್ಲುಗಳು ಅಲ್ಲಿನ ಗೋರಿಗಳಲ್ಲಿದ್ದ ಸ್ಥಳೀಯರಿಗೆ ಹೊಂದಲಿಲ್ಲ. ಹೊರಗಿನವರು ಅನ್ನುವ ವಾದಕ್ಕೆ ಬಲ ಬಂತು. ಕೆಲವು ಮಡಕೆಗಳಲ್ಲಿ ಎದುರಾಳಿಗಳ ವೇಷವೇ ಬೇರೆ, ಕೈಯಲ್ಲಿ ಕವಣೆ. ಅವರು ಬೆಟ್ಟದ ಕಡೆಯ ರೆಕ್ವಾಯ್ ಜನ ಇರಬಹುದು ಎನ್ನುತ್ತಾರೆ.

ಮತ್ತೆ ಕೋಟೆ! ಹೆಕೆಟೆಪೆಕೆ ಕಣಿವೆಯಲ್ಲಿ ಸೆರೊ ಚೆಪೆನ್ ಬೆಟ್ಟದ ತುದಿಗೆ ಹೋಗಿ ನೋಡಿ. ಮೋಚೆ ಕಾಲದ ಕೊನೆಯ ಭಾಗದ ಕಲ್ಲಿನ ಕೋಟೆಗೋಡೆ. ಕುಸ್ತಿಗೆ ಯಾರು ಕೋಟೆ ಕಟ್ಟುತ್ತಾರೆ? ಕೋಟೆ ಇತ್ತು, ಆದರೆ ಚಿತ್ರಗಾರ ಅದನ್ನು ಬರೆಯಲಿಲ್ಲ. ಮಡಕೆಚೂರು ಅವರ ಮೊದಲ ಪ್ರಶ್ನೆ ಇಲ್ಲಿಗೇ ಬಂತು ನೋಡಿ.

ಬಯಲುದಾರಿ

ಕೋಟೆ ಕೊನೆಯ ಕಾಲದ್ದು ಅಂತ ನೀವೇ ಹೇಳಿದಿರಿ. ಮೊದಲು ಆಚರಣೆಯಾಗಿತ್ತು, ಆಮೇಲೆ ಬರ ಬಂದು ನೀರಿಗೆ ನಿಜವಾದ ಯುದ್ಧವಾಯಿತು ಅಂತ ಯಾಕಾಗಬಾರದು? ಆಂಡೀಸಿನ ಕೆಲ್ಕಾಯಾ ಹಿಮದ ಪದರಗಳಲ್ಲಿ 6ನೇ ಶತಮಾನದ ಕೊನೆಯ ಭಾಗದಲ್ಲಿ ಸುಮಾರು ಮೂವತ್ತು ವರ್ಷದ ಬರ ದಾಖಲಾಗಿದೆ.

ಹಳೇಇಟ್ಟಿಗೆ

ಸಾಂತಾ ಕಣಿವೆಯಲ್ಲಿ ಅದಕ್ಕಿಂತ ಎಷ್ಟೋ ಹಳೆಯ ಕೋಟೆಗಳಿವೆ, ಮೋಚೆಗಿಂತಲೂ ಹಿಂದಿನವು. ಆ ಕರಾವಳಿಗೆ ಯುದ್ಧ ಹೊಸದಲ್ಲ. ಆದರೆ ಬರದ ಮಾತು ಒಪ್ಪುತ್ತೇನೆ, ಅದು ಜಗಳಕ್ಕೆ ತುಪ್ಪ ಸುರಿದಿರಬೇಕು. ನಾವಿಬ್ಬರೂ ಒಪ್ಪುವ ಹಾಗೆ ಕಾಣುವುದಿಲ್ಲ, ಬಿಡಿ.

ದೋಸೆಹಂಚು

ಇಷ್ಟು ಗಂಭೀರ ಚರ್ಚೆಯ ನಡುವೆ ಯಾರೂ ಹುರುಳಿ ಯೋಧರ ಬಗ್ಗೆ ಹೇಳಲೇ ಇಲ್ವಲ್ಲ!

ಮಡಕೆಚೂರು

ಹುರುಳಿ ಯೋಧರಾ?

ದೋಸೆಹಂಚು

ಹುರುಳಿ ಅಂದದ್ದು ಬಾಯಿ ತಪ್ಪಿ. ಡಬಲ್ ಬೀನ್ಸ್. ನಾವು ಸಾಗುವಿಗೆ ಹಾಕುತ್ತೇವಲ್ಲ, ಅದೇ. ಅದರ ಮೂಲ ದಕ್ಷಿಣ ಅಮೆರಿಕ. ಇಂಗ್ಲಿಷಿನವರು ಲೀಮಾ ಊರಿನ ಹೆಸರನ್ನೇ ಇಟ್ಟು ಲೀಮಾ ಬೀನ್ ಎನ್ನುತ್ತಾರೆ. ಮೋಚೆ ಮಡಕೆಗಳಲ್ಲಿ ಆ ಬೀಜಕ್ಕೆ ತಲೆ, ಕೈಕಾಲು ಮೂಡಿ, ಒಂದು ಕೈಯಲ್ಲಿ ಗದೆ, ಒಂದು ಕೈಯಲ್ಲಿ ಗುರಾಣಿ ಹಿಡಿದು ಯುದ್ಧಕ್ಕೆ ಓಡುತ್ತಿದೆ. ಬೀಜದ ಮೇಲಿನ ಚುಕ್ಕಿ, ಮಚ್ಚೆಗಳನ್ನೂ ಬಿಡದೆ ಬರೆದಿದ್ದಾರೆ. ನೋಡಿದರೆ ನಗು ಬರುತ್ತದೆ, ಅವರಿಗೆ ಮಾತ್ರ ಅದು ನಗುವ ವಿಷಯ ಆಗಿರಲಿಲ್ಲ ಅನಿಸುತ್ತದೆ. ಆ ಮಚ್ಚೆಗಳೇ ಒಂದು ಥರದ ಬರಹ ಎಂದು ರಫಾಯೆಲ್ ಲಾರ್ಕೊ ಹೊಯ್ಲೆ, ಅಂದರೆ ನೀವು ಹೋದ ಮ್ಯೂಸಿಯಂ ಕಟ್ಟಿದವರು, ವಾದಿಸಿದ್ದರು. ಹೆಚ್ಚಿನವರು ಒಪ್ಪಲಿಲ್ಲ.

ಸಿಪಾನಿನ ಒಡೆಯನ ಕೊರಳಲ್ಲಿ ಕಡಲೆಕಾಯಿ ಹಾರ ಇತ್ತು, ಗೊತ್ತಾ? ಹತ್ತು ಚಿನ್ನದವು, ಹತ್ತು ಬೆಳ್ಳಿಯವು. ಚಿನ್ನ ಬಲಕ್ಕೆ, ಬೆಳ್ಳಿ ಎಡಕ್ಕೆ. ಕಡಲೆಕಾಯಿಯೂ ಆ ಕಡೆಯಿಂದಲೇ ನಮಗೆ ಬಂದದ್ದು.

ಕುಂಬಾರಬೀದಿ

ಹಾಗಾದರೆ ಇನ್ನೊಂದನ್ನೂ ಸೇರಿಸುತ್ತೇನೆ. ಆಯುಧಗಳೇ ದಂಗೆ ಏಳುವ ಚಿತ್ರ. ಗದೆಗೆ ಕಾಲು, ಗುರಾಣಿಗೆ ಕೈ, ಶಿರಸ್ತ್ರಾಣಕ್ಕೆ ಮುಖ ಬಂದು ಮನುಷ್ಯರನ್ನು ಅಟ್ಟಿಸಿಕೊಂಡು ಹೋಗುತ್ತವೆ. ಹುವಾಕಾ ದೆ ಲಾ ಲೂನಾದ ಗೋಡೆಯಲ್ಲೂ ಇದನ್ನು ಬರೆದಿದ್ದರು. ಅಲ್ಲೂ ವಸ್ತುಗಳು ಮನುಷ್ಯರನ್ನು ಜುಟ್ಟು ಹಿಡಿದೇ ಎಳೆಯುತ್ತವೆ.

ಮಡಕೆಚೂರು

ಅಬ್ಬಾ. ಗದೆಯೂ ಜುಟ್ಟೇ ಹಿಡಿಯುತ್ತದೆ ಅಂದರೆ ಆ ಗುರುತು ಎಷ್ಟು ಆಳಕ್ಕೆ ಇಳಿದಿರಬೇಕು.

ಎಲುಬುಡಾಕ್ಟರ್

ಒಂದು ಪ್ರಶ್ನೆ. ಸೆರೆಯಾಳುಗಳು ಯಾರು? ಸಾಮಾನ್ಯ ಜನರೋ, ದೊಡ್ಡವರೋ?

ಹಳೇಇಟ್ಟಿಗೆ

ಮಡಕೆ ನೋಡಿದರೆ ದೊಡ್ಡವರೇ. ಹೊಡೆದಾಡುವಾಗ ಅವರ ಮೈ ಮೇಲೂ ಒಳ್ಳೆಯ ಅಂಗಿ, ಒಡವೆ ಇರುತ್ತದೆ. ಇನ್ನೂ ಗಟ್ಟಿ ಸುಳಿವು ಮುಖದ ಮಡಕೆಗಳು. ಮೋಚೆಯವರು ನಿಜವಾದ ಮನುಷ್ಯರ ಮುಖವನ್ನೇ ಮಡಕೆಯಾಗಿ ಮಾಡುತ್ತಿದ್ದರು. ತುಟಿಯ ಮೇಲೆ ಗಾಯದ ಕಲೆ ಇರುವ ಒಬ್ಬನ ಮುಖ ನಲವತ್ತಕ್ಕೂ ಹೆಚ್ಚು ಮಡಕೆಗಳಲ್ಲಿದೆ, ಹುಡುಗನಾಗಿದ್ದಾಗಿನಿಂದ ದೊಡ್ಡವನಾಗುವ ತನಕ. ಹೀಗೆ ಗುರುತು ಸಿಗುವ ಕೆಲವರನ್ನು ಒಂದು ಕಡೆ ಪೇಟ, ಓಲೆ ಹಾಕಿ ಮೆರೆಯುವ ಹಾಗೆ ತೋರಿಸಿದ್ದಾರೆ. ಇನ್ನೊಂದು ಕಡೆ ಅದೇ ಮುಖ, ಮೈ ಬೆತ್ತಲೆ, ಕೊರಳಿಗೆ ಹಗ್ಗ.

ನೂಲಿನುಂಡೆ

ಗಂಡಸರೇ, ಕಾವೊ ದೊರೆಸಾನಿಯನ್ನು ಮರೆತಿರಾ? ಅದೇ ಎಲ್ ಬ್ರುಹೊದ ಗೋರಿಯಲ್ಲಿ ಸಿಕ್ಕ ಮೋಚೆ ಹೆಂಗಸು. ಕೈಕಾಲುಗಳ ಮೇಲೆ ಹಾವು, ಜೇಡದ ಹಚ್ಚೆ. ಬಟ್ಟೆಯ ಪದರಗಳ ಒಳಗೆ ಸೂಜಿ, ಕದಿರುಗಳ ಜೊತೆಗೆ ಎರಡು ದೊಡ್ಡ ಗದೆ, ಇಪ್ಪತ್ತಕ್ಕೂ ಹೆಚ್ಚು ಈಟಿ ಎಸೆಯುವ ಕೋಲು. ಮಡಕೆಗಳ ಮೇಲೆ ಹೊಡೆದಾಡುವ ಹೆಂಗಸು ಕಾಣುವುದಿಲ್ಲ, ಗೋರಿಯಲ್ಲಿ ಆಯುಧ ಸಿಗುತ್ತದೆ. ಅವಳು ಹೊಡೆದಾಡಿದಳೋ, ಗದೆ ಅವಳ ಅಧಿಕಾರದ ಗುರುತೋ, ಜಗಳ ಮುಂದುವರಿಸಿ.

ಸುಮ್ನೆಓದುಗ

ಮೂಲೆಯಿಂದ ಒಂದು ಪ್ರಶ್ನೆ. ಆನ್‌ಲೈನಲ್ಲಿ ಒಬ್ಬರು ಮೋಚೆ ಹೂಜಿ ಮಾರುತ್ತಿದ್ದಾರೆ. ಅಸಲಿ ಅಂತೆ. ಲಿಂಕ್ ಹಾಕಲಾ?

ಹಳೇಇಟ್ಟಿಗೆ

ದಯವಿಟ್ಟು ಬೇಡ. ನಕಲಿ ಆದರೆ ದುಡ್ಡು ಹೋಯಿತು, ಅಸಲಿ ಆದರೆ ಕಳ್ಳಮಾಲು. ಸಿಪಾನಿನಿಂದ ಕದ್ದ ಒಂದು ಚಿನ್ನದ ಸೊಂಟದ ತಗಡನ್ನು ಮಾರಲು ಹೋಗಿ 1997ರಲ್ಲಿ ಫಿಲಡೆಲ್ಫಿಯಾದಲ್ಲಿ ಎಫ್‌ಬಿಐ ಕೈಗೆ ಸಿಕ್ಕಿಬಿದ್ದರು. ಕೇಳಿದ ಬೆಲೆ 16 ಲಕ್ಷ ಡಾಲರ್. ಕೊಳ್ಳುವವರಂತೆ ಬಂದವರೇ ಪೊಲೀಸರು.

ಸುಮ್ನೆಓದುಗ

ಟ್ಯಾಬ್ ಮುಚ್ಚಿದೆ.

ಮಡಕೆಚೂರು

ಎರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಲಾರ್ಕೊ ಮ್ಯೂಸಿಯಂನ ಸಂಗ್ರಹ ಪೂರ್ತಿ ಅಂತರಜಾಲದಲ್ಲಿದೆ, ಫೋಟೋ ಸಮೇತ. ನನ್ನ ಹೂಜಿಯನ್ನು ಹುಡುಕುತ್ತಾ ರಾತ್ರಿ ಒಂದೂವರೆ ಆಯಿತು. ಸಿಕ್ಕಿತು. ಹಿಂಭಾಗದ ಫೋಟೋ ಕೂಡ.

ಅಲ್ಲಿ ಹೊಡೆದಾಟ ಇಲ್ಲ. ಗೆದ್ದವನು ನಡೆಯುತ್ತಿದ್ದಾನೆ. ಹೆಗಲ ಮೇಲೆ ಗದೆ, ಗದೆಯ ತುದಿಗೆ ಗಂಟು. ಗಂಟಿನಿಂದ ಆ ಶಿರಸ್ತ್ರಾಣ ಇಣುಕುತ್ತಿದೆ, ಮುಂಭಾಗದಲ್ಲಿ ಗಾಳಿಯಲ್ಲಿ ಹಾರುತ್ತಿತ್ತಲ್ಲ, ಅದೇ ಪಟ್ಟೆಗಳು. ಹಿಂದೆ ಹಗ್ಗ, ಹಗ್ಗದ ತುದಿಗೆ ಅವನು. ಬಟ್ಟೆ ಇಲ್ಲ. ಕಿವಿಯಲ್ಲಿ ಓಲೆ ಇದ್ದ ತೂತು ಮಾತ್ರ, ಅದನ್ನೂ ಒಂದು ಸಣ್ಣ ಸುತ್ತು ಗೆರೆಯಲ್ಲಿ ಬರೆದಿದ್ದಾರೆ. ಮೂಗಿನ ರಕ್ತ ನಿಂತಿಲ್ಲ.

ಕುಂಬಾರಬೀದಿ ಅವರೇ, ಹನಿಗಳನ್ನು ಎಣಿಸಿದೆ. ಮುಂದೆ ಐದು, ಹಿಂದೆ ಮೂರು.

ಕುಂಬಾರಬೀದಿ

ಹಿಂಭಾಗದಲ್ಲಿ ಹಮ್ಮಿಂಗ್‌ಬರ್ಡ್ ಇದೆಯಾ?

ಮಡಕೆಚೂರು

ಇಲ್ಲ. ಕಳ್ಳಿ ಇದೆ.